ಶೇಕಡ 15ರ ಕನಿಷ್ಠ ತೆರಿಗೆ ಬಂದ ಮೇಲೆ ವಿದೇಶಿ ಕಂಪನಿಗಳನ್ನು ಕರೆಯಲು ವಿಯೆಟ್ನಾಂ ಬಳಿ ಉಳಿದಿರುವುದೇನು?

ವ್ಯಾಪಾರವೀಕ್ಷಕ

ವಿಯೆಟ್ನಾಂನ ರಾಷ್ಟ್ರೀಯ ಸಭೆ 2023ರ ನವೆಂಬರ್ 29ರಂದು ಜಾಗತಿಕ ಕನಿಷ್ಠ ತೆರಿಗೆಯ ನಿರ್ಣಯವನ್ನು ಅಂಗೀಕರಿಸಿತು. 2024ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ವರ್ಷಕ್ಕೆ 75 ಕೋಟಿ ಯೂರೋ ಅಥವಾ ಅದಕ್ಕಿಂತ ಹೆಚ್ಚು ವಹಿವಾಟು ಇರುವ ಬಹುರಾಷ್ಟ್ರೀಯ ಸಮೂಹಗಳು ತಾವು ಲಾಭ ಗಳಿಸುವ ಪ್ರತಿಯೊಂದು ದೇಶದಲ್ಲೂ ಕನಿಷ್ಠ ಶೇಕಡ 15ರಷ್ಟು ತೆರಿಗೆಯ ಹೊರೆ ಹೊರಬೇಕು ಎಂಬುದು ಅದರ ಸಾರ. ಅಲ್ಲಿನ ಸರ್ಕಾರವೇ ಅಂದಾಜಿಸಿದಂತೆ ಸುಮಾರು 122 ವಿದೇಶಿ ಸಮೂಹಗಳು ಇದರ ವ್ಯಾಪ್ತಿಗೆ ಬರುತ್ತವೆ, ಮತ್ತು ಅವುಗಳಿಂದ 14,600 ಶತಕೋಟಿ ಡಾಂಗ್‌ಗೂ (ಡಾಂಗ್ ವಿಯೆಟ್ನಾಂನ ನಾಣ್ಯ) ಹೆಚ್ಚಿನ ಮೊತ್ತ ಸಂಗ್ರಹವಾಗಬೇಕು.

ಹಳೆಯ ಆಮಿಷ ಹೇಗಿತ್ತೆಂದು ನೆನಪಿಸಿಕೊಂಡರೆ ಈ ಬದಲಾವಣೆಯ ತೂಕ ತಿಳಿಯುತ್ತದೆ. ಸಾಮಾನ್ಯ ಕಂಪನಿ ತೆರಿಗೆ ಶೇಕಡ 20 ಇರುವಾಗ, ಉನ್ನತ ತಂತ್ರಜ್ಞಾನದ ಯೋಜನೆಗಳಿಗೆ 15 ವರ್ಷ ಶೇಕಡ 10ರ ದರ, ಅದರಲ್ಲಿಯೂ ಮೊದಲ 4 ವರ್ಷ ಪೂರ್ಣ ವಿನಾಯಿತಿ, ನಂತರದ 9 ವರ್ಷ ಅರ್ಧ ವಿನಾಯಿತಿ ಎಂಬ ಏರ್ಪಾಡು ಇತ್ತು. ಸ್ಯಾಮ್‌ಸಂಗ್, ಇಂಟೆಲ್‌ನಂಥ ಕಂಪನಿಗಳು ಬಂದದ್ದು ಇಂಥ ವಾತಾವರಣದಲ್ಲಿ. ಈಗ ಆ ಬಾಗಿಲು ದೊಡ್ಡ ಕಂಪನಿಗಳ ಮಟ್ಟಿಗೆ ಬಹುತೇಕ ಮುಚ್ಚಿದೆ. ಆದರೂ 2024ರಲ್ಲಿ ಅಲ್ಲಿ ನಿಜವಾಗಿ ವಿನಿಯೋಗವಾದ ವಿದೇಶಿ ನೇರ ಹೂಡಿಕೆ 25.35 ಶತಕೋಟಿ ಡಾಲರ್. ಹಿಂದಿನ ವರ್ಷ ಅದು 23.18 ಶತಕೋಟಿ ಇತ್ತು. ತೆರಿಗೆ ಏರಿದ ವರ್ಷದಲ್ಲೇ ಹೂಡಿಕೆಯೂ ಏರಿತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ತೆರಿಗೆ ವಿನಾಯಿತಿ ಎಂದಿಗೂ ಮುಖ್ಯ ಕಾರಣವಾಗಿರಲಿಲ್ಲವೇ, ಅಥವಾ ಪರಿಣಾಮ ಕಾಣಿಸಲು ಇನ್ನೂ ಕಾಲ ಬೇಕೇ? ಈ ಕ್ಷೇತ್ರಗಳನ್ನು ಹತ್ತಿರದಿಂದ ಬಲ್ಲವರು ಬರೆದರೆ ಉಪಕಾರವಾಗುತ್ತದೆ.

ತೆರಿಗೆಲೆಕ್ಕ

ಈ ನಿಯಮ ಕೆಲಸ ಮಾಡುವ ಬಗೆಯನ್ನು ಮೊದಲು ನೋಡಬೇಕು, ಏಕೆಂದರೆ ವಿಯೆಟ್ನಾಂ ತನ್ನ ಇಷ್ಟದಿಂದ ತೆರಿಗೆ ಏರಿಸಿತು ಎಂಬ ಭಾವನೆ ಹಲವರಲ್ಲಿದೆ. ಕೊರಿಯಾದ ಒಂದು ಸಮೂಹ ವಿಯೆಟ್ನಾಂನಲ್ಲಿ ವಾಸ್ತವವಾಗಿ ಶೇಕಡ 8ರಷ್ಟು ಮಾತ್ರ ತೆರಿಗೆ ಕಟ್ಟುತ್ತಿದೆ ಎಂದುಕೊಳ್ಳೋಣ. ಉಳಿದ ಶೇಕಡ 7ನ್ನು ಅದರ ತವರು ದೇಶವೇ ವಸೂಲು ಮಾಡಬಹುದು, ಮತ್ತು ಕೊರಿಯಾ ಈ ನಿಯಮವನ್ನು 2024ರಿಂದಲೇ ಜಾರಿಗೆ ತಂದಿದೆ. ಹಾಗಾಗಿ ಹನೋಯ್ ಬಿಟ್ಟುಕೊಡುವ ತೆರಿಗೆ ಕಂಪನಿಯ ಕೈಯಲ್ಲಿ ಉಳಿಯದೆ ಸಿಯೋಲ್‌ನ ಖಜಾನೆಗೆ ಸೇರುತ್ತದೆ. ಅದನ್ನು ತಪ್ಪಿಸಲು ಆತಿಥೇಯ ದೇಶವೇ ಮೊದಲು ಆ ವ್ಯತ್ಯಾಸವನ್ನು ಪೂರಕ ತೆರಿಗೆಯಾಗಿ ಸಂಗ್ರಹಿಸಿಕೊಳ್ಳಲು ಅವಕಾಶವಿದೆ. ವಿಯೆಟ್ನಾಂ ಮಾಡಿರುವುದು ಇಷ್ಟೇ. ಅಮೆರಿಕ ಮೂಲದ ಸಮೂಹಗಳನ್ನು ಈ ವ್ಯವಸ್ಥೆಯ ಕೆಲವು ಭಾಗಗಳಿಂದ ಹೊರಗಿಡಲು ಜಿ-7 ದೇಶಗಳು 2025ರ ಜೂನ್‌ನಲ್ಲಿ ಒಪ್ಪಿಕೊಂಡವು ನಿಜ, ಆದರೆ ಆತಿಥೇಯ ದೇಶ ತನ್ನ ನೆಲದಲ್ಲೇ ವಸೂಲು ಮಾಡುವ ಪೂರಕ ತೆರಿಗೆಗೆ ಅದರಿಂದ ಧಕ್ಕೆಯಿಲ್ಲ.

ಎರಡು ಸಂಗತಿಗಳು ಸುದ್ದಿಗಳಲ್ಲಿ ತಪ್ಪಿಹೋಗುತ್ತವೆ. 75 ಕೋಟಿ ಯೂರೋ ಮಿತಿಗಿಂತ ಕೆಳಗಿರುವ ಸಾವಿರಾರು ಮಧ್ಯಮ ಗಾತ್ರದ ಕಂಪನಿಗಳಿಗೆ ಈ ಕನಿಷ್ಠ ತೆರಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಅವು ಪಡೆದ ವಿನಾಯಿತಿಗಳ ಫಲ ಅವುಗಳ ಕೈಯಲ್ಲೇ ಉಳಿಯುತ್ತದೆ. ದೊಡ್ಡ ಸಮೂಹಗಳಿಗೂ ಸ್ಥಳೀಯ ಸಂಬಳದ ಮೊತ್ತ ಮತ್ತು ಯಂತ್ರ, ಕಟ್ಟಡಗಳ ಮೌಲ್ಯದ ಒಂದು ಪಾಲನ್ನು ಪೂರಕ ತೆರಿಗೆಯ ಲೆಕ್ಕದಿಂದ ಹೊರಗಿಡಲಾಗುತ್ತದೆ. 2024ರಲ್ಲಿ ಆ ಪಾಲು ಸಂಬಳಕ್ಕೆ ಶೇಕಡ 9.8, ಆಸ್ತಿಗೆ ಶೇಕಡ 7.8 ಇತ್ತು, ಮುಂದೆ ಎರಡೂ ಹಂತಹಂತವಾಗಿ ಶೇಕಡ 5ಕ್ಕೆ ಇಳಿಯಲಿವೆ. ಅಂದರೆ ನಿಜವಾಗಿ ಕಾರ್ಖಾನೆ ಕಟ್ಟಿ ಸಾವಿರಾರು ಜನರಿಗೆ ಕೆಲಸ ಕೊಟ್ಟವರಿಗೆ ಬೀಳುವ ಹೊರೆ ಸ್ವಲ್ಪ ಹಗುರ, ಕಾಗದದ ಮೇಲೆ ಲಾಭ ತೋರಿಸುವವರಿಗೆ ಹೆಚ್ಚು. ನನಗೆ ಇದು ನ್ಯಾಯವಾಗಿಯೇ ತೋರುತ್ತದೆ.

ಸಂಗ್ರಹವಾದ ಹಣವನ್ನು ಬೇರೆ ದಾರಿಯಿಂದ ಹಿಂದಿರುಗಿಸುವ ಪ್ರಯತ್ನವೂ ನಡೆದಿದೆ. 2024ರ ಡಿಸೆಂಬರ್ 31ರ 182ನೇ ಆದೇಶದ ಮೂಲಕ ಹೂಡಿಕೆ ಬೆಂಬಲ ನಿಧಿಯನ್ನು ಸ್ಥಾಪಿಸಿ, ಕಾರ್ಮಿಕರ ತರಬೇತಿ, ಸಂಶೋಧನೆ, ಸ್ಥಿರಾಸ್ತಿ, ಉನ್ನತ ತಂತ್ರಜ್ಞಾನದ ಉತ್ಪಾದನೆ ಮೊದಲಾದ ವೆಚ್ಚಗಳಿಗೆ ನಗದು ನೆರವು ಕೊಡುವ ವ್ಯವಸ್ಥೆ ಮಾಡಿದ್ದಾರೆ. ತೆರಿಗೆ ವಿನಾಯಿತಿಯ ಫಲ ಸಿಗುವುದು ಲಾಭ ಮಾಡಿದವರಿಗೆ. ಇಂಥ ನೆರವಿನ ಫಲ ಸಿಗುವುದು ಖರ್ಚು ಮಾಡಿದವರಿಗೆ. ಆ ಮಟ್ಟಿಗೆ ಹೊಸ ವಿಧಾನ ಹಳೆಯದಕ್ಕಿಂತ ವಿವೇಕದ್ದು.

ಅನುಮಾನಿ

ತೆರಿಗೆ ಮುಖ್ಯವಲ್ಲ ಎನ್ನುವುದಾದರೆ ಇಷ್ಟು ವರ್ಷ ಅದನ್ನು ಬಿಟ್ಟುಕೊಟ್ಟದ್ದು ಯಾರ ಹಣ? ಎಂತಿದ್ದರೂ ಬರಲಿದ್ದ ಕಂಪನಿಗೆ ಕೊಟ್ಟ ವಿನಾಯಿತಿ ಶುದ್ಧ ದಾನ. ಈಗ ಅದೇ ದಾನಕ್ಕೆ ನಿಧಿ ಎಂಬ ಹೊಸ ಹೆಸರು ಇಟ್ಟಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ.

ಸರಕುದಾರಿ

ಸಾಗಣೆ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ನನಗೆ ಕಾಣುವ ಚಿತ್ರ ಬೇರೆ. ಸ್ಯಾಮ್‌ಸಂಗ್ 2008ರಲ್ಲಿ ಬಾಕ್ ನಿನ್ ಪ್ರಾಂತದ ಯೆನ್ ಫಾಂಗ್ ಕೈಗಾರಿಕಾ ವಸಾಹತಿನಲ್ಲಿ ಪರವಾನಗಿ ಪಡೆದು 2009ರಲ್ಲಿ ಮೊಬೈಲ್ ಉತ್ಪಾದನೆ ಆರಂಭಿಸಿತು. ಆ ಜಾಗವನ್ನು ನಕ್ಷೆಯಲ್ಲಿ ನೋಡಬೇಕು. ಮೊಬೈಲ್ ಬೆಲೆಬಾಳುವ, ಹಗುರವಾದ ಸರಕಾದ್ದರಿಂದ ಬಹುಪಾಲು ವಿಮಾನದಲ್ಲಿ ಹೋಗುತ್ತದೆ, ಮತ್ತು ಹನೋಯ್‌ನ ನೋಯ್ ಬಾಯ್ ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಬಿಡಿಭಾಗಗಳು ದಕ್ಷಿಣ ಚೀನಾದಿಂದ ಲಾಂಗ್ ಸೋನ್ ಗಡಿಯ ಮೂಲಕ ಟ್ರಕ್ಕಿನಲ್ಲೇ ಬರಬಲ್ಲವು. ಮುಂದೆ ಎರಡನೆಯ ದೊಡ್ಡ ಕಾರ್ಖಾನೆ ಥಾಯ್ ಗುಯೆನ್‌ನಲ್ಲಿ ಎದ್ದಿತು. ಹನೋಯ್‌ನಿಂದ ಅಲ್ಲಿಗೆ ಹೋಗುವ ಎಕ್ಸ್‌ಪ್ರೆಸ್ ಹೆದ್ದಾರಿ 2014ರಲ್ಲಿ ತೆರೆಯಿತು. ತೆರಿಗೆಯ ದರ ಇದೇ ಆಗಿದ್ದು, ಈ ಭೂಗೋಳ ಇಲ್ಲದಿದ್ದರೆ ಆ ಕಾರ್ಖಾನೆಗಳು ಅಲ್ಲಿ ಏಳುತ್ತಿರಲಿಲ್ಲ.

ಆದರೆ ಭೂಗೋಳವೊಂದೇ ಸಾಲುವುದಿಲ್ಲ, ಏಕೆಂದರೆ ಅದು 1980ರಲ್ಲಿಯೂ ಹೀಗೆಯೇ ಇತ್ತು. 1986ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ಆರನೆಯ ಮಹಾಧಿವೇಶನ ದೋಯ್ ಮೋಯ್ ಎಂಬ ಆರ್ಥಿಕ ಸುಧಾರಣೆಗೆ ಒಪ್ಪಿಗೆ ನೀಡಿತು. ಒಂದೇ ವರ್ಷದಲ್ಲಿ, ಅಂದರೆ 1987ರ ಡಿಸೆಂಬರ್‌ನಲ್ಲಿ, ವಿದೇಶಿ ಹೂಡಿಕೆ ಕಾಯಿದೆ ಬಂದಿತು. 1991ರಲ್ಲಿ ಹೋ ಚಿ ಮಿನ್ ನಗರದ ತಾನ್ ತುವಾನ್‌ನಲ್ಲಿ ರಫ್ತು ಸಂಸ್ಕರಣಾ ವಲಯ, 1994ರಲ್ಲಿ ಅಮೆರಿಕದ ವ್ಯಾಪಾರ ನಿರ್ಬಂಧದ ತೆರವು, 1995ರಲ್ಲಿ ಆಸಿಯಾನ್ ಸದಸ್ಯತ್ವ, 2001ರಲ್ಲಿ ಅಮೆರಿಕದೊಂದಿಗಿನ ವ್ಯಾಪಾರ ಒಪ್ಪಂದದ ಜಾರಿ, 2007ರ ಜನವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ 150ನೆಯ ಸದಸ್ಯತ್ವ ಎಂದು ಒಂದರ ಬೆನ್ನಿಗೆ ಒಂದು ಬಾಗಿಲು ತೆರೆಯುತ್ತ ಹೋಯಿತು. ಇಂಟೆಲ್ ತನ್ನ ಹೂಡಿಕೆಯನ್ನು ಪ್ರಕಟಿಸಿದ್ದು 2006ರಲ್ಲಿ, ಅಂದರೆ ಆ ಸದಸ್ಯತ್ವ ಖಚಿತವಾಗುವ ಹೊತ್ತಿಗೆ, ಎಂಬುದು ಆಕಸ್ಮಿಕವಲ್ಲ. ಆ ಬಳಿಕ ಪೆಸಿಫಿಕ್ ಸುತ್ತಲಿನ ದೇಶಗಳ ಸಿಪಿಟಿಪಿಪಿ ಎಂಬ ವ್ಯಾಪಾರ ಒಪ್ಪಂದ 2019ರಲ್ಲಿ, ಐರೋಪ್ಯ ಒಕ್ಕೂಟದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2020ರ ಆಗಸ್ಟ್‌ನಲ್ಲಿ ಜಾರಿಗೆ ಬಂದವು. ಹೂಡಿಕೆದಾರ ಕೊಂಡುಕೊಳ್ಳುವುದು ಕಾರ್ಖಾನೆಯ ಜಾಗವನ್ನು ಮಾತ್ರವಲ್ಲ, ಆ ಜಾಗದಿಂದ ಕಡಿಮೆ ಸುಂಕದಲ್ಲಿ ತಲುಪಬಹುದಾದ ಮಾರುಕಟ್ಟೆಗಳನ್ನೂ ಹೌದು.

ಬಂದರುಗಳ ವಿಷಯದಲ್ಲಿಯೂ ಇದೇ ಕಥೆ. ದಕ್ಷಿಣದ ಕಾಯ್ ಮೆಪ್‌ನ ಆಳ ಬಂದರು ಮತ್ತು 2018ರಲ್ಲಿ ಉತ್ತರದ ಹೈ ಫಾಂಗ್ ಬಳಿ ತೆರೆದ ಲಾಕ್ ಹುಯೆನ್ ಬಂದರು ಬಂದ ಮೇಲೆ, ಸಿಂಗಪುರದಲ್ಲೋ ಹಾಂಗ್‌ಕಾಂಗ್‌ನಲ್ಲೋ ಕಂಟೇನರ್ ಇಳಿಸಿ ಮತ್ತೆ ಏರಿಸುವ ಅಗತ್ಯವಿಲ್ಲದೆ ದೊಡ್ಡ ಹಡಗುಗಳು ಅಮೆರಿಕದ ಕಡೆಗೆ ನೇರವಾಗಿ ಹೊರಡಬಲ್ಲವು. ಹಡಗಿನ ಯಾನದಲ್ಲಿ ಉಳಿಯುವ ಒಂದೊಂದು ವಾರವೂ ದಾಸ್ತಾನಿನಲ್ಲಿ ಸಿಕ್ಕಿಬಿದ್ದ ಬಂಡವಾಳವನ್ನು ಬಿಡಿಸುತ್ತದೆ. ಹಣಕಾಸು ವಿಭಾಗದವರಿಗೆ ಇದು ತೆರಿಗೆಯ ಶೇಕಡಾವಾರಿಗಿಂತ ಬೇಗ ಅರ್ಥವಾಗುತ್ತದೆ.

ವಿದ್ಯುತ್ತಂತಿ

ಸರಕುದಾರಿ ಅವರ ಪಟ್ಟಿಯಲ್ಲಿ ವಿದ್ಯುತ್ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು. 2023ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಉತ್ತರ ವಿಯೆಟ್ನಾಂನ ಕಾರ್ಖಾನೆಗಳಿಗೆ ವಿದ್ಯುತ್ ಕಡಿತವಾಯಿತು. ಕೆಲವು ಕಡೆ ಸೂಚನೆಯೇ ಇರಲಿಲ್ಲ. ವಿಶ್ವ ಬ್ಯಾಂಕ್ ಆ ಕಡಿತದಿಂದಾದ ನಷ್ಟವನ್ನು ಸುಮಾರು 1.4 ಶತಕೋಟಿ ಡಾಲರ್, ಅಂದರೆ ಒಟ್ಟು ದೇಶೀಯ ಉತ್ಪನ್ನದ ಶೇಕಡ 0.3 ಎಂದು ಅಂದಾಜಿಸಿತು.

ಕಾರಣ ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಆಗ ದೇಶದಲ್ಲಿ ಒಟ್ಟಾರೆಯಾಗಿ ವಿದ್ಯುತ್ ಉತ್ಪಾದನಾ ಸಾಮರ್ಥ್ಯದ ಕೊರತೆ ಇರಲಿಲ್ಲ. ಉತ್ತರ ಭಾಗ ಜಲವಿದ್ಯುತ್ತಿನ ಮೇಲೆ ಹೆಚ್ಚು ಅವಲಂಬಿತವಾಗಿದೆ. ಆ ಬೇಸಿಗೆಯಲ್ಲಿ ಜಲಾಶಯಗಳು ತಳ ಕಂಡವು, ಕೆಲವು ಕಲ್ಲಿದ್ದಲು ಘಟಕಗಳು ಕೆಟ್ಟು ನಿಂತವು. ಇನ್ನೊಂದು ಕಡೆ ಮಧ್ಯ ಮತ್ತು ದಕ್ಷಿಣ ಪ್ರಾಂತಗಳಲ್ಲಿ ಸೌರ ವಿದ್ಯುತ್ ಬೇಡವೆನಿಸುವಷ್ಟು ಇದ್ದು, ಅದನ್ನು ಉತ್ತರಕ್ಕೆ ಒಯ್ಯುವ ತಂತಿಗಳೇ ಸಾಲುತ್ತಿರಲಿಲ್ಲ. ಉತ್ತರದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳನ್ನು ಸಾಲಾಗಿ ಕರೆತಂದ ದೇಶ ಅವುಗಳಿಗೆ ಬೇಕಾದ ಪ್ರಸರಣ ಮಾರ್ಗವನ್ನು ಅದೇ ವೇಗದಲ್ಲಿ ಕಟ್ಟಲಿಲ್ಲ. ಎಚ್ಚೆತ್ತ ಮೇಲೆ ಮಾತ್ರ ಕೆಲಸ ಅಸಾಧಾರಣ ವೇಗದಲ್ಲಿ ನಡೆಯಿತು: ಮಧ್ಯ ಭಾಗದ ಕ್ವಾಂಗ್ ಟ್ರಾಕ್‌ನಿಂದ ಉತ್ತರದ ಫೋ ನೋಯ್‌ವರೆಗಿನ 519 ಕಿಲೋಮೀಟರ್ ಉದ್ದದ 500 ಕಿಲೋವೋಲ್ಟ್ ಮಾರ್ಗದ ಬಹುಪಾಲು ಕಾಮಗಾರಿ ಒಂದು ವರ್ಷದೊಳಗೆ ಮುಗಿದು, 2024ರ ಆಗಸ್ಟ್ 29ರಂದು ಉದ್ಘಾಟನೆಯಾಯಿತು. ಇಂಥ ವೇಗ ಸಾಧ್ಯವಿದ್ದೂ ಅದು ಬಿಕ್ಕಟ್ಟಿನ ನಂತರವೇ ಏಕೆ ಬಂತು ಎಂಬುದನ್ನು ಹೂಡಿಕೆದಾರರು ಕೇಳಿದರೆ ತಪ್ಪಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರವಾದದ್ದು. 2017ರಲ್ಲಿ ಸರ್ಕಾರ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9.35 ಅಮೆರಿಕನ್ ಸೆಂಟ್ ದರವನ್ನು 20 ವರ್ಷ ಕೊಡುವುದಾಗಿ ಪ್ರಕಟಿಸಿತು. 2019ರ ಜೂನ್ 30ರೊಳಗೆ ಉತ್ಪಾದನೆ ಆರಂಭಿಸಬೇಕೆಂಬುದು ಷರತ್ತು. ಬಂಡವಾಳ ಪ್ರವಾಹದಂತೆ ಹರಿದುಬಂದಿತು. ಆದರೆ ವರ್ಷಗಳ ನಂತರ, ಗಡುವಿನ ಹೊತ್ತಿಗೆ ಕೆಲವು ಯೋಜನೆಗಳ ಬಳಿ ಕಾಮಗಾರಿ ಪೂರ್ಣಗೊಂಡ ಸ್ವೀಕೃತಿ ಪತ್ರ ಇರಲಿಲ್ಲವೆಂಬ ಕಾರಣಕ್ಕೆ, ಕೊಟ್ಟ ದರವನ್ನು ಹಿಂದಿನಿಂದಲೇ ಅನ್ವಯವಾಗುವಂತೆ ಮರುಪರಿಶೀಲಿಸುವ ಮಾತು ಬಂದಿತು. 2025ರಲ್ಲಿ ಹೂಡಿಕೆದಾರರು ಬಹಿರಂಗವಾಗಿಯೇ ಆಕ್ಷೇಪಿಸಿದರು. ತಾಂತ್ರಿಕವಾಗಿ ಸರ್ಕಾರದ ವಾದದಲ್ಲಿ ಹುರುಳಿರಬಹುದು. ಆದರೆ ಸಾಲ ಕೊಡುವ ಬ್ಯಾಂಕು ಮುಂದಿನ ಯೋಜನೆಗೆ ಬಡ್ಡಿ ನಿಗದಿ ಮಾಡುವಾಗ ಆ ಹುರುಳನ್ನು ನೋಡುವುದಿಲ್ಲ, ದರ ಬದಲಾಗಬಹುದೆಂಬ ಸಾಧ್ಯತೆಯನ್ನು ನೋಡುತ್ತದೆ.

ಶುದ್ಧ ವಿದ್ಯುತ್ತು ಈಗ ಖರೀದಿದಾರರ ಷರತ್ತೂ ಆಗಿದೆ. ಲೆಗೊ ಕಂಪನಿ 2021ರ ಡಿಸೆಂಬರ್‌ನಲ್ಲಿ ಬಿನ್ ಡುವಾಂಗ್‌ನಲ್ಲಿ ಒಂದು ಶತಕೋಟಿ ಡಾಲರಿಗೂ ಹೆಚ್ಚಿನ ಕಾರ್ಖಾನೆಯನ್ನು ಪ್ರಕಟಿಸಿದಾಗ ಸೌರ ವಿದ್ಯುತ್ತು ಆ ಯೋಜನೆಯ ಭಾಗವೇ ಆಗಿತ್ತು. 2025ರ ಏಪ್ರಿಲ್‌ನಲ್ಲಿ ಆ ಕಾರ್ಖಾನೆ ತೆರೆಯಿತು. ದೊಡ್ಡ ಬಳಕೆದಾರರು ಉತ್ಪಾದಕರಿಂದ ನೇರವಾಗಿ ವಿದ್ಯುತ್ ಕೊಳ್ಳಲು ಅವಕಾಶ ಕೊಡುವ ಆದೇಶ ಬಂದದ್ದು 2024ರ ಜುಲೈನಲ್ಲಿ. ಬೇಡಿಕೆ ಅದಕ್ಕಿಂತ ಬಹಳ ಹಿಂದಿನದು.

ಕರಾರುಪತ್ರ

ವಿದ್ಯುತ್ತಂತಿ ಅವರು ಎತ್ತಿದ ಕೊನೆಯ ಅಂಶವನ್ನು ಕಾನೂನಿನ ಕಡೆಯಿಂದ ಮುಂದುವರಿಸುತ್ತೇನೆ. ಕಾಗದದ ಮೇಲೆ ವಿಯೆಟ್ನಾಂನ ಪ್ರವೇಶ ನಿಯಮಗಳು ಸ್ಪಷ್ಟವಾಗಿವೆ. 2021ರ ಆರಂಭದಿಂದ ಜಾರಿಯಲ್ಲಿದ್ದ ಹೂಡಿಕೆ ಕಾಯಿದೆ ಮತ್ತು ಅದರ 31ನೇ ಆದೇಶ, ವಿದೇಶಿಯರಿಗೆ ಪೂರ್ತಿ ಮುಚ್ಚಿದ 25 ಕ್ಷೇತ್ರಗಳನ್ನೂ ಷರತ್ತುಬದ್ಧವಾದ 59 ಕ್ಷೇತ್ರಗಳನ್ನೂ ಪಟ್ಟಿ ಮಾಡಿದವು; ಪಟ್ಟಿಯಲ್ಲಿ ಇಲ್ಲದ್ದು ಸ್ವದೇಶಿ ಕಂಪನಿಗಳಿಗೆ ಇರುವಂತೆಯೇ ಮುಕ್ತ. ಇದು ಒಳ್ಳೆಯ ಪದ್ಧತಿ.

ತೊಡಕು ಶುರುವಾಗುವುದು ಹೂಡಿಕೆ ನೋಂದಣಿ ಪತ್ರ ಕೈಗೆ ಬಂದ ನಂತರ. ನಿರ್ಮಾಣ, ಪರಿಸರ, ಅಗ್ನಿ ಸುರಕ್ಷತೆ ಇವೆಲ್ಲ ಬೇರೆ ಬೇರೆ ಕಚೇರಿಗಳ ಕೈಯಲ್ಲಿವೆ. 2022ರಲ್ಲಿ ಬಿನ್ ಡುವಾಂಗ್‌ನ ಕರಾವೋಕೆ ಕಟ್ಟಡವೊಂದರಲ್ಲಿ ಭೀಕರ ಅಗ್ನಿ ದುರಂತ ಸಂಭವಿಸಿದ ಮೇಲೆ ತಪಾಸಣೆ ಬಿಗಿಯಾಗಿ, ಕಟ್ಟಿ ಮುಗಿಸಿದ ಕಾರ್ಖಾನೆಗಳೂ ಹೊಸ ಮಾನದಂಡದ ಪ್ರಮಾಣಪತ್ರ ಸಿಗದೆ ಕಾಯಬೇಕಾಯಿತು. ಸುರಕ್ಷತೆ ಬೇಡವೆಂದು ಯಾರೂ ಹೇಳಲಾರರು. ಕಟ್ಟಡ ಎದ್ದ ಮೇಲೆ ಮಾನದಂಡ ಬದಲಾದದ್ದು ಸಮಸ್ಯೆ. ಇದರ ಜೊತೆಗೆ, ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಗುಯೆನ್ ಫು ತ್ರೋಂಗ್ ಅವರ ನಾಯಕತ್ವದಲ್ಲಿ ನಡೆದ ಭ್ರಷ್ಟಾಚಾರ ವಿರೋಧಿ ಕಾರ್ಯಾಚರಣೆ ಅನೇಕ ದೊಡ್ಡವರನ್ನು ಜೈಲಿಗೆ ಕಳಿಸಿತಾದರೂ, ಅದರ ಅಡ್ಡಪರಿಣಾಮವಾಗಿ ಅಧಿಕಾರಿಗಳು ಯಾವ ಕಡತಕ್ಕೂ ಸಹಿ ಹಾಕಲು ಹಿಂಜರಿಯತೊಡಗಿದರು. ಸಹಿ ಹಾಕದಿದ್ದವನಿಗೆ ಶಿಕ್ಷೆಯಿಲ್ಲ, ಹಾಕಿದವನಿಗೆ ಮುಂದೊಂದು ದಿನ ಇರಬಹುದು. ಇಂಥ ಕಡೆ ಕಡತ ಮುಂದೆ ಹೋಗುವುದಾದರೂ ಹೇಗೆ? 2025ರ ಜನವರಿಯಿಂದ ಕೈಗಾರಿಕಾ ವಸಾಹತುಗಳಲ್ಲಿನ ಉನ್ನತ ತಂತ್ರಜ್ಞಾನದ ಯೋಜನೆಗಳಿಗೆ ಹದಿನೈದು ದಿನಗಳ ವಿಶೇಷ ನೋಂದಣಿ ವಿಧಾನ ತಂದಿರುವುದು ಈ ಅಡಚಣೆಯನ್ನು ಸರ್ಕಾರವೇ ಒಪ್ಪಿಕೊಂಡಂತೆ.

ಭೂಮಿಯ ಬಗ್ಗೆ ಒಂದು ಮಾತು. ಅಲ್ಲಿ ಭೂಮಿಯ ಒಡೆತನ ಸಮಸ್ತ ಜನರದು; ಕಂಪನಿಗೆ ಸಿಗುವುದು ಸಾಮಾನ್ಯವಾಗಿ 50 ವರ್ಷದವರೆಗಿನ ಬಳಕೆಯ ಹಕ್ಕು. ಕೈಗಾರಿಕಾ ವಸಾಹತಿನೊಳಗೆ ಜಾಗ ಪಡೆದರೆ ಆ ಅವಧಿಯನ್ನು ಎಣಿಸುವುದು ವಸಾಹತಿಗೆ ಅನುಮತಿ ಸಿಕ್ಕ ದಿನದಿಂದ, ನೀವು ಬಂದ ದಿನದಿಂದಲ್ಲ. ಹಾಗಾಗಿ 1990ರ ದಶಕದ ಹಳೆಯ, ಸುಸಜ್ಜಿತ ವಸಾಹತಿನಲ್ಲಿ ಇಂದು ಗುತ್ತಿಗೆ ಪಡೆಯುವವರಿಗೆ ಉಳಿದಿರುವುದು ಎರಡು ದಶಕಗಳ ಆಸುಪಾಸು. ಬಾಡಿಗೆಯನ್ನು ವರ್ಷಾವಾರು ಕಟ್ಟುವುದಾದರೆ ಆ ಹಕ್ಕನ್ನು ಬ್ಯಾಂಕಿಗೆ ಅಡವಿಡಲೂ ಬರುವುದಿಲ್ಲ. ಒಂದೇ ಗಂಟಿನಲ್ಲಿ ಕಟ್ಟಿದವರಿಗೆ ಮಾತ್ರ ಆ ಅವಕಾಶ.

ವ್ಯಾಜ್ಯ ಬಂದರೆ ಏನು ಎಂಬುದನ್ನೂ ಕೇಳಬೇಕು. ವಿದೇಶಿ ಹೂಡಿಕೆದಾರ ಮತ್ತು ಸರ್ಕಾರದ ನಡುವಿನ ವಿವಾದಗಳನ್ನು ಅಂತರರಾಷ್ಟ್ರೀಯ ಪಂಚಾಯ್ತಿಗೆ ಒಯ್ಯುವ ಇಕ್ಸಿಡ್ ಒಡಂಬಡಿಕೆಗೆ ವಿಯೆಟ್ನಾಂ ಸದಸ್ಯನಲ್ಲ. ಐರೋಪ್ಯ ಒಕ್ಕೂಟದೊಂದಿಗಿನ ಹೂಡಿಕೆ ರಕ್ಷಣಾ ಒಪ್ಪಂದಕ್ಕೆ 2019ರಲ್ಲೇ ಸಹಿ ಬಿದ್ದಿದ್ದರೂ ಅದು ಜಾರಿಗೆ ಬರಲು ಒಕ್ಕೂಟದ ಎಲ್ಲ ಸದಸ್ಯ ದೇಶಗಳ ಅನುಮೋದನೆ ಬೇಕು. ವಿದೇಶಿ ಪಂಚಾಯ್ತಿ ತೀರ್ಪುಗಳನ್ನು ಮಾನ್ಯ ಮಾಡುವ ನ್ಯೂಯಾರ್ಕ್ ಒಡಂಬಡಿಕೆಯಲ್ಲಿ ದೇಶ 1995ರಿಂದ ಇದೆ, ಆದರೆ ವಿಯೆಟ್ನಾಂ ಕಾನೂನಿನ ಮೂಲ ತತ್ವಗಳಿಗೆ ವಿರುದ್ಧ ಎಂಬ ವಿಶಾಲ ಕಾರಣ ಕೊಟ್ಟು ಅಲ್ಲಿನ ನ್ಯಾಯಾಲಯಗಳು ತೀರ್ಪುಗಳನ್ನು ತಳ್ಳಿಹಾಕಿದ್ದೂ ಉಂಟು.

ಅನುಮಾನಿ

ಇಲ್ಲಿಯವರೆಗಿನ ಎಲ್ಲ ಉತ್ತರಗಳೂ ಕಂಪನಿಗೆ ಏನು ಬೇಕು ಎಂಬುದನ್ನೇ ಕುರಿತಿವೆ. ಕರೆದವರ ಮನೆಯಲ್ಲಿ ಏನು ಉಳಿಯಿತು ಎಂದು ಯಾರೂ ಕೇಳುತ್ತಿಲ್ಲ. 2024ರಲ್ಲಿ ವಿಯೆಟ್ನಾಂನ ಸರಕು ರಫ್ತು 405 ಶತಕೋಟಿ ಡಾಲರ್. ಅದರಲ್ಲಿ ಶೇಕಡ 70ಕ್ಕೂ ಹೆಚ್ಚು ವಿದೇಶಿ ಬಂಡವಾಳದ ಕಂಪನಿಗಳದು. ಅದೇ ವರ್ಷ ಚೀನಾದಿಂದ ಸುಮಾರು 144 ಶತಕೋಟಿ ಡಾಲರಿನ ಆಮದು. ಬಿಡಿಭಾಗ ಹೊರಗಿನಿಂದ, ಯಂತ್ರ ಹೊರಗಿನಿಂದ, ಖರೀದಿದಾರ ಹೊರಗಿನವನು, ಲಾಭವೂ ಹೊರಗೆ. ಉಳಿಯುವುದು ಕೂಲಿ. 2024ರ ಜುಲೈಯಲ್ಲಿ ನಿಗದಿಯಾದ ಕನಿಷ್ಠ ವೇತನ ದೊಡ್ಡ ನಗರಗಳಲ್ಲಿ ತಿಂಗಳಿಗೆ 49.6 ಲಕ್ಷ ಡಾಂಗ್, ಅತಿ ಹಿಂದುಳಿದ ಪ್ರದೇಶಗಳಲ್ಲಿ 34.5 ಲಕ್ಷ, ಎಂದರೆ ಮೊದಲನೆಯದೇ ಇನ್ನೂರು ಡಾಲರಿನ ಸುತ್ತಮುತ್ತ ಇತ್ತು.

ತಪ್ಪು ಅತಿಥಿಯನ್ನು ಕರೆದರೆ ಉಳಿಯುವುದು ಕೂಲಿಗಿಂತ ಕೆಟ್ಟದ್ದೂ ಇರಬಹುದು. ಹಾ ತಿನ್‌ನಲ್ಲಿ ತೈವಾನ್ ಮೂಲದ ಫಾರ್ಮೋಸಾ ಉಕ್ಕಿನ ಕಾರ್ಖಾನೆಯ ವಿಷಕಾರಿ ತ್ಯಾಜ್ಯ 2016ರ ಏಪ್ರಿಲ್‌ನಲ್ಲಿ ಸಮುದ್ರ ಸೇರಿ, ನಾಲ್ಕು ಪ್ರಾಂತಗಳ ಕರಾವಳಿಯಲ್ಲಿ ಮೀನುಗಳು ಸತ್ತು ದಡಕ್ಕೆ ಬಂದವು. ಕಂಪನಿ 50 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಆ ಯೋಜನೆಯೂ ಬಂದಾಗ ಹೂಡಿಕೆಯ ಅಂಕಿಗಳಲ್ಲಿ ಹೆಮ್ಮೆಯ ಸಾಲಾಗಿತ್ತು ಎಂಬುದನ್ನು ಮರೆಯಬಾರದು.

ಸರಕುದಾರಿ

ಅನುಮಾನಿ ಅವರ ಅಂಕಿಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಅಲ್ಲ. ವಿಯೆಟ್ನಾಂ ಒಂದು ಸ್ಕ್ರೂ ಕೂಡ ಮಾಡಲಾರದು ಎಂಬ ಹಂಗಿಸುವ ಮಾತು ಅಲ್ಲಿನ ಪತ್ರಿಕೆಗಳಲ್ಲಿ ಬಹಳ ಕಾಲ ಓಡಾಡಿತು. 2014ರಲ್ಲಿ ಸ್ಯಾಮ್‌ಸಂಗ್‌ನ ಮೊದಲ ಹಂತದ ಪೂರೈಕೆದಾರರಲ್ಲಿ ವಿಯೆಟ್ನಾಂ ಮಾಲೀಕತ್ವದ ಕಂಪನಿಗಳು ಬೆರಳೆಣಿಕೆಯಷ್ಟಿದ್ದವು. ಈಗ ಅವು ಹತ್ತಾರು, ಎರಡನೆಯ ಹಂತವನ್ನೂ ಸೇರಿಸಿದರೆ ಇನ್ನೂರನ್ನು ಮೀರುತ್ತವೆ. ಅವುಗಳಲ್ಲಿ ಬಹಳಷ್ಟು ಪ್ಯಾಕಿಂಗ್, ಮುದ್ರಣ, ಪ್ಲಾಸ್ಟಿಕ್ ಅಚ್ಚಿನ ಕೆಲಸದವು ಎಂಬುದು ನಿಜ. ಆದರೂ ಇದು ಚಲನೆಯೇ.

ಹೆಚ್ಚು ವೇಗ ಏಕೆ ಬರಲಿಲ್ಲ ಎಂಬುದಕ್ಕೆ ಎರಡು ಕಾರಣಗಳು ನನಗೆ ಕಾಣುತ್ತವೆ. ಕೊರಿಯಾದ ದೊಡ್ಡ ಕಂಪನಿ ಬರುವಾಗ ತನ್ನ ಹಳೆಯ ಪೂರೈಕೆದಾರರನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಅವರು ಕೆಲವೇ ಕಿಲೋಮೀಟರ್ ದೂರದಲ್ಲಿ ನೆಲೆಯೂರಿದ ಮೇಲೆ, ಹೊಸ ಸ್ಥಳೀಯನಿಗೆ ಅವಕಾಶ ಕೊಟ್ಟು ಅವನ ಗುಣಮಟ್ಟ ಏರುವವರೆಗೆ ಕಾಯುವ ತಾಳ್ಮೆಗೆ ಕಾರಣವೇ ಉಳಿಯುವುದಿಲ್ಲ. ಸ್ಥಳೀಯ ಬಿಡಿಭಾಗ ಬಳಸಲೇಬೇಕೆಂದು ಕಡ್ಡಾಯ ಮಾಡುವ ದಾರಿಯೂ ಈಗ ಮುಚ್ಚಿದೆ. ಥಾಯ್ಲೆಂಡ್ ತನ್ನ ವಾಹನ ಉದ್ಯಮವನ್ನು ಅಂಥ ಕಡ್ಡಾಯದಿಂದಲೇ ಬೆಳೆಸಿತು, ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳ ಕಾರಣ 2000ದ ಹೊತ್ತಿಗೆ ಅದನ್ನು ಕೈಬಿಡಬೇಕಾಯಿತು. ವಿಯೆಟ್ನಾಂ ಮೈದಾನಕ್ಕೆ ಇಳಿದದ್ದೇ ಆಟದ ನಿಯಮ ಬದಲಾದ ಮೇಲೆ.

ಹಾಗಾದರೆ ದಾರಿ ಇಲ್ಲವೇ ಎಂದರೆ, ಮಲೇಷ್ಯಾದ ಪೆನಾಂಗ್ ದ್ವೀಪವನ್ನು ನೋಡಬೇಕು. ಇಂಟೆಲ್ ಅಲ್ಲಿಗೆ 1972ರಲ್ಲಿ ಬಂದಿತು. ವಿದೇಶಿ ಕಾರ್ಖಾನೆಗಳಲ್ಲಿ ಕೆಲಸ ಕಲಿತ ಎಂಜಿನಿಯರುಗಳು ಹೊರಬಂದು ಯಂತ್ರಭಾಗ, ಪರೀಕ್ಷಾ ಉಪಕರಣಗಳ ಕಂಪನಿಗಳನ್ನು ಕಟ್ಟಿ, ತಮ್ಮ ಹಳೆಯ ಮಾಲೀಕರಿಗೇ ಮಾರಿದರು. 1989ರಲ್ಲಿ ಆರಂಭವಾದ ಪೆನಾಂಗ್ ಕೌಶಲ ಅಭಿವೃದ್ಧಿ ಕೇಂದ್ರದಲ್ಲಿ ಪಠ್ಯವನ್ನು ರೂಪಿಸುವಲ್ಲಿ ಕಂಪನಿಗಳೇ ಮುಂದಾಳುಗಳಾಗಿದ್ದವು. ವಿಯೆಟ್ನಾಂನ ದುಡಿಯುವ ಜನರಲ್ಲಿ ಪದವಿ ಅಥವಾ ತರಬೇತಿ ಪ್ರಮಾಣಪತ್ರ ಇರುವವರು 2024ರಲ್ಲಿ ಶೇಕಡ 28ರಷ್ಟು ಮಾತ್ರ ಇದ್ದರು. ಹೂಡಿಕೆ ಬೆಂಬಲ ನಿಧಿಯ ಹಣದಲ್ಲಿ ನನ್ನ ಮಾತು ನಡೆಯುವುದಾದರೆ ಹೆಚ್ಚಿನ ಪಾಲು ತರಬೇತಿಗೆ ಹೋಗಬೇಕು. ಕಂಪನಿ ಮುಂದೊಂದು ದಿನ ಬೇರೆ ದೇಶಕ್ಕೆ ಹೋದರೂ ಕಲಿತವನು ಅಲ್ಲೇ ಇರುತ್ತಾನೆ.

ವ್ಯಾಪಾರವೀಕ್ಷಕ

ಈ ಚರ್ಚೆಗೆ 2025ರ ಅಮೆರಿಕದ ಸುಂಕಗಳನ್ನು ಸೇರಿಸದೆ ಮುಂದೆ ಹೋಗಲಾಗದು. ಏಪ್ರಿಲ್ 2ರಂದು ವಿಯೆಟ್ನಾಂ ಸರಕಿಗೆ ಶೇಕಡ 46ರ ಸುಂಕ ಘೋಷಣೆಯಾಯಿತು; ಜುಲೈಯಲ್ಲಿ ಅದು ಶೇಕಡ 20ಕ್ಕೆ ಇಳಿದು, ಬೇರೆ ದೇಶದ ಸರಕನ್ನು ವಿಯೆಟ್ನಾಂ ಮೂಲಕ ಹಾಯಿಸಿದರೆ ಶೇಕಡ 40 ಎಂಬ ಷರತ್ತು ಸೇರಿತು. ಹಿಂದಿನ ವರ್ಷ ಸುಮಾರು 120 ಶತಕೋಟಿ ಡಾಲರಿನ ಸರಕನ್ನು ಅಮೆರಿಕಕ್ಕೆ ಕಳಿಸಿದ್ದ ದೇಶಕ್ಕೆ ಇದು ಸಣ್ಣ ಪೆಟ್ಟಲ್ಲ. ಇಲ್ಲಿ ಅನುಮಾನಿ ಮತ್ತು ಸರಕುದಾರಿ ಅವರ ವಾದಗಳು ಕೂಡುತ್ತವೆ ಎಂದು ನನಗನ್ನಿಸುತ್ತದೆ: ಸ್ಥಳೀಯ ಪೂರೈಕೆದಾರರು ಇರುವುದು ಇದುವರೆಗೆ ಸ್ವದೇಶಾಭಿಮಾನದ ವಿಷಯವಾಗಿತ್ತು, ಈಗ ಸರಕಿನ ಮೂಲವನ್ನು ಸಾಬೀತುಪಡಿಸಲು ಅದು ಹೂಡಿಕೆದಾರನ ಸ್ವಂತ ಅಗತ್ಯವಾಗಿದೆ.

ಸರಕುದಾರಿ

ಸಿದ್ಧ ಉಡುಪಿನವರಿಗೆ ಇದು ಹೊಸದಲ್ಲ. ಸಿಪಿಟಿಪಿಪಿ ಒಪ್ಪಂದದಲ್ಲಿ ನೂಲಿನ ಹಂತದಿಂದಲೇ ಸದಸ್ಯ ದೇಶಗಳೊಳಗೆ ತಯಾರಾಗಿರಬೇಕು, ಐರೋಪ್ಯ ಒಪ್ಪಂದದಲ್ಲಿ ಬಟ್ಟೆಯ ಹಂತದಿಂದ. ಐರೋಪ್ಯರು ಕೊರಿಯಾದ ಬಟ್ಟೆಗೂ ವಿನಾಯಿತಿ ಕೊಟ್ಟಿದ್ದಾರೆ. ಚೀನಾದ ಬಟ್ಟೆ ತಂದು ಹೊಲಿದರೆ ಸುಂಕ ರಿಯಾಯಿತಿ ಸಿಗುವುದಿಲ್ಲ. ಹಾಗಿದ್ದೂ ಬಣ್ಣ ಹಾಕುವ, ಬಟ್ಟೆ ನೇಯುವ ಘಟಕಗಳಿಗೆ ಕೆಲವು ಪ್ರಾಂತಗಳು ನೀರಿನ ಮಾಲಿನ್ಯಕ್ಕೆ ಹೆದರಿ ಅನುಮತಿ ಕೊಡುತ್ತಿಲ್ಲ. ಹಾ ತಿನ್ ದುರಂತದ ನಂತರ ಆ ಹೆದರಿಕೆಯನ್ನು ತಪ್ಪೆನ್ನಲೂ ಆಗದು.

ತೆರಿಗೆಲೆಕ್ಕ

ಪ್ರಾಂತಗಳ ಮಾತು ಬಂದದ್ದರಿಂದ ಒಂದು ಅಂಶ. ಹೂಡಿಕೆದಾರನ ದಿನನಿತ್ಯದ ಅನುಭವವನ್ನು ನಿರ್ಧರಿಸುವುದು ಹನೋಯ್ ಅಲ್ಲ, ಪ್ರಾಂತದ ಆಡಳಿತ. 2005ರಿಂದ ವಾಣಿಜ್ಯ ಮತ್ತು ಕೈಗಾರಿಕಾ ಒಕ್ಕೂಟ ಪ್ರಾಂತಗಳ ಸ್ಪರ್ಧಾತ್ಮಕತೆಯ ಸೂಚ್ಯಂಕ ಪ್ರಕಟಿಸುತ್ತಿದೆ. ಉದ್ಯಮಿಗಳನ್ನೇ ಕೇಳಿ ಅಂಕ ಕೊಡುವುದರಿಂದ ಸ್ಥಳೀಯ ನಾಯಕರು ಅದಕ್ಕೆ ಬೆಲೆ ಕೊಡುತ್ತಾರೆ. ಕ್ವಾಂಗ್ ನಿನ್ 2017ರಿಂದ 2023ರವರೆಗೆ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಆದರೆ 2025ರ ಜುಲೈ 1ರಿಂದ 63 ಪ್ರಾಂತಗಳನ್ನು 34ಕ್ಕೆ ಇಳಿಸಿ, ಜಿಲ್ಲಾ ಹಂತವನ್ನೇ ತೆಗೆದುಹಾಕಿದ್ದಾರೆ. ಬಿನ್ ಡುವಾಂಗ್ ಈಗ ಹೋ ಚಿ ಮಿನ್ ನಗರದ ಭಾಗ. ಬಾಕ್ ಜಿಯಾಂಗ್ ಪ್ರಾಂತ ಬಾಕ್ ನಿನ್‌ನಲ್ಲಿ ಸೇರಿದೆ. ಕಚೇರಿಗಳು ಕಡಿಮೆಯಾದರೆ ಸಹಿಗಳೂ ಕಡಿಮೆಯಾಗಬಹುದು. ಆದರೆ ಅಕ್ಕಪಕ್ಕದ ಪ್ರಾಂತಗಳು ಒಂದೇ ಕಂಪನಿಗಾಗಿ ಪೈಪೋಟಿ ನಡೆಸುತ್ತ ಕಲಿತ ಚುರುಕು ದೊಡ್ಡ ಘಟಕಗಳಲ್ಲಿ ಉಳಿಯುತ್ತದೆಯೇ ಎಂಬ ಸಂದೇಹ ನನಗಿದೆ.

ಅಂಕಿಗಳನ್ನು ಓದುವವರಿಗೆ ಇನ್ನೊಂದು ಎಚ್ಚರಿಕೆ. 2024ರಲ್ಲಿ ನೋಂದಣಿಯಾದ ಹೂಡಿಕೆ 38.23 ಶತಕೋಟಿ ಡಾಲರ್, ವಿನಿಯೋಗವಾದದ್ದು 25.35. ಮೊದಲನೆಯದು ಆಶಯ. ಪ್ರಾಂತಗಳ ಪತ್ರಿಕಾ ಪ್ರಕಟಣೆಗಳಲ್ಲಿ ಬರುವುದು ಸಾಮಾನ್ಯವಾಗಿ ಅದೇ.

ಹೊಸಗಿರಾಕಿ

ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಂಪನಿ. ವಿಯೆಟ್ನಾಂನಲ್ಲಿ ಸಣ್ಣ ಘಟಕ ತೆರೆಯುವ ಯೋಚನೆಯಲ್ಲಿದ್ದೇವೆ. 75 ಕೋಟಿ ಯೂರೋ ನಮಗೆ ಕನಸಿನ ಮೊತ್ತ. ಹಾಗಾದರೆ ಇಷ್ಟೆಲ್ಲ ಚರ್ಚೆಯಲ್ಲಿ ನಮಗೆ ಅನ್ವಯಿಸುವುದು ಯಾವುದು?

ಕರಾರುಪತ್ರ

ಕನಿಷ್ಠ ತೆರಿಗೆ ನಿಮಗೆ ಅನ್ವಯಿಸುವುದಿಲ್ಲ, ಆದರೆ ನಿಧಿಯ ನೆರವು ದೊಡ್ಡ ಯೋಜನೆಗಳನ್ನು ಗಮನದಲ್ಲಿಟ್ಟು ರೂಪಿತವಾದದ್ದರಿಂದ ಅದೂ ನಿಮಗೆ ಸಿಗುವ ಸಂಭವ ಕಡಿಮೆ. ನೀವು ಭೂಮಿ ಗುತ್ತಿಗೆ ಪಡೆದು ಕಟ್ಟಡ ಕಟ್ಟುವ ಗೋಜಿಗೆ ಹೋಗದೆ, ವಸಾಹತುಗಳಲ್ಲಿ ಬಾಡಿಗೆಗೆ ಸಿಗುವ ಸಿದ್ಧ ಕಾರ್ಖಾನೆ ಕಟ್ಟಡಗಳನ್ನು ಮೊದಲು ನೋಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಟ್ಟಡದ ಅಗ್ನಿ ಸುರಕ್ಷತಾ ಸ್ವೀಕೃತಿ ಪತ್ರ ನಿಮ್ಮ ಉತ್ಪಾದನೆಯ ಬಗೆಗೆ ಹೊಂದುತ್ತದೆಯೇ ಎಂದು ಮೂಲ ಪ್ರತಿ ತರಿಸಿ ಪರಿಶೀಲಿಸಿ. ಗೋದಾಮಿಗೆಂದು ಪಡೆದ ಪತ್ರ ಲೋಹದ ಕೆಲಸಕ್ಕೆ ಬರುವುದಿಲ್ಲ. ಸಂಬಳದ ಲೆಕ್ಕ ಹಾಕುವಾಗ ಮಾಲೀಕರ ಪಾಲಿನ ಸಾಮಾಜಿಕ, ಆರೋಗ್ಯ ಮತ್ತು ನಿರುದ್ಯೋಗ ವಿಮೆ ಶೇಕಡ 21.5, ಅದರ ಮೇಲೆ ಕಾರ್ಮಿಕ ಸಂಘದ ವಂತಿಗೆ ಶೇಕಡ 2 ಎಂಬುದನ್ನು ಸೇರಿಸಿಕೊಳ್ಳಿ.

ವಿದ್ಯುತ್ತಂತಿ

ಅದರ ಜೊತೆಗೆ, ಆ ವಸಾಹತಿನಲ್ಲಿ 2023ರ ಮೇ, ಜೂನ್ ತಿಂಗಳುಗಳಲ್ಲಿ ಎಷ್ಟು ಗಂಟೆ ವಿದ್ಯುತ್ ಇರಲಿಲ್ಲ ಎಂದು ವಸಾಹತಿನ ನಿರ್ವಾಹಕರನ್ನು ಕೇಳಬೇಡಿ, ಪಕ್ಕದ ಬಾಡಿಗೆದಾರರನ್ನು ಕೇಳಿ.